ಐಡಾ ಸ್ಕಡರ್ ಅವರನ್ನು ನೆನೆಯುವುದಾದರೆ

ಮಾನ್ಯ ಸಂಪಾದಕರೇ,

ಮಹಿಳಾ ದಿನದ ಆಸುಪಾಸಿನಲ್ಲಿ, ಪರರ ಸೇವೆಗೆ ಬಾಳನ್ನು ಮುಡಿಪಿಟ್ಟ ಹೆಣ್ಣುಮಕ್ಕಳನ್ನು ಕುರಿತು ಪತ್ರಿಕೆಗಳಲ್ಲಿ ಪ್ರಕಟವಾಗುವ ಲೇಖನಗಳನ್ನು ನಾನು ತಪ್ಪದೆ ಓದುತ್ತೇನೆ. ಕ್ರೈಸ್ತ ಮಿಷನರಿ ಮಹಿಳೆಯರ ವಿಚಾರ ಬಂದಾಗ ಮದರ್ ತೆರೇಸಾ ಅವರ ಹೆಸರಿನಾಚೆಗೆ ಬರಹ ಸಾಮಾನ್ಯವಾಗಿ ಸಾಗುವುದಿಲ್ಲ. ಮಂಡ್ಯ, ಮೈಸೂರು ಕಡೆಯಿಂದ ದೊಡ್ಡ ಕಾಯಿಲೆಗೆಂದು ವೆಲ್ಲೂರಿಗೆ ಹೋಗಿಬಂದ ಕುಟುಂಬಗಳು ಎಷ್ಟೋ ಇವೆ. ಆದರೆ ಅಲ್ಲಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು ಆಸ್ಪತ್ರೆಯನ್ನು ಕಟ್ಟಿದ ಡಾ. ಐಡಾ ಸೋಫಿಯಾ ಸ್ಕಡರ್ ಅವರ ಹೆಸರನ್ನು ಬಲ್ಲವರು ಕಡಿಮೆ. ಬಲ್ಲವರು ಕೂಡ ಅವರ ಬದುಕಿನ ಒಂದು ರಾತ್ರಿಯ ಕಥೆಯನ್ನು ಹೇಳಿ ಮುಗಿಸುತ್ತಾರೆ. ಮಂಡ್ಯ ಜಿಲ್ಲೆಯ ಹಳ್ಳಿಗಳಲ್ಲಿ ಸರ್ಕಾರಿ ಆರೋಗ್ಯ ಸಹಾಯಕಿಯಾಗಿ ದುಡಿದು ನಿವೃತ್ತಳಾದ ನನಗೆ, ಆ ರಾತ್ರಿಗಿಂತಲೂ ಅದರ ನಂತರದ ಅರವತ್ತಕ್ಕೂ ಹೆಚ್ಚು ವರ್ಷಗಳು ಮುಖ್ಯವೆಂದು ತೋರುತ್ತದೆ. ಅದನ್ನು ಓದುಗರ ಮುಂದಿಡಲು ಈ ಪತ್ರ.

ಐಡಾ ಹುಟ್ಟಿದ್ದು 1870ರ ಡಿಸೆಂಬರ್ 9ರಂದು, ಈಗಿನ ತಮಿಳುನಾಡಿನ ರಾಣಿಪೇಟೆಯಲ್ಲಿ. ಅವರ ಅಜ್ಜ ಜಾನ್ ಸ್ಕಡರ್ 1819ರಲ್ಲಿಯೇ ಅಮೆರಿಕದಿಂದ ವೈದ್ಯ ಮಿಷನರಿಯಾಗಿ ಸಿಂಹಳಕ್ಕೆ ಬಂದು, ಆಮೇಲೆ ಮದ್ರಾಸಿನಲ್ಲಿ ನೆಲೆಸಿದವರು. ತಂದೆಯೂ ವೈದ್ಯರೇ. ನಮ್ಮ ಸೀಮೆಯ ಹಿರಿಯರು ಧಾತು ಈಶ್ವರ ಬರವೆಂದು ಕರೆಯುತ್ತಿದ್ದ 1876–78ರ ಕ್ಷಾಮದಲ್ಲಿ, ಹಸಿದು ಬಂದ ಮಕ್ಕಳ ಬಾಯಿಗೆ ರೊಟ್ಟಿಯ ಚೂರು ಇಡುವ ಕೆಲಸ ಆ ಪುಟ್ಟ ಹುಡುಗಿಯ ಪಾಲಿಗೂ ಬಂದಿತ್ತು. ಅಂಥದ್ದನ್ನು ಕಂಡ ಮಗುವಿಗೆ ಈ ದೇಶದಲ್ಲಿ ಉಳಿಯುವ ಆಸೆ ಹುಟ್ಟದಿದ್ದುದರಲ್ಲಿ ಆಶ್ಚರ್ಯವಿಲ್ಲ. ಅಮೆರಿಕದಲ್ಲಿ ಓದು ಮುಗಿಸಿದ ಮೇಲೆ, ತಾಯಿಯ ಆರೋಗ್ಯ ಕೆಟ್ಟಿದೆಯೆಂಬ ಕಾರಣಕ್ಕೆ ಮಾತ್ರ ಅವರು ತಿಂಡಿವನಕ್ಕೆ ಬಂದರು; ಮಿಷನರಿಯಾಗುವ ಯೋಚನೆಯೇ ಅವರಿಗಿರಲಿಲ್ಲ.

ಆ ಪ್ರಸಿದ್ಧ ರಾತ್ರಿ ಬಂದದ್ದು ಆಗ. ಹೆರಿಗೆಯ ನೋವಿನಲ್ಲಿ ಒದ್ದಾಡುತ್ತಿದ್ದ ಹೆಂಡತಿಯನ್ನು ಉಳಿಸಿಕೊಡಿ ಎಂದು ಮೂವರು ಗಂಡಸರು, ಅವರಲ್ಲಿ ಒಬ್ಬ ಬ್ರಾಹ್ಮಣ, ಒಬ್ಬ ಮುಸಲ್ಮಾನ, ಒಬ್ಬರಾದ ಮೇಲೆ ಒಬ್ಬರಂತೆ ಮನೆಬಾಗಿಲಿಗೆ ಬಂದರು. ತನಗೆ ವೈದ್ಯ ಗೊತ್ತಿಲ್ಲ, ತಂದೆಯವರು ಬರುತ್ತಾರೆ ಎಂದು ಐಡಾ ಹೇಳಿದಾಗ, ಪರಪುರುಷ ಹೆರಿಗೆಯ ಕೋಣೆಗೆ ಕಾಲಿಡುವುದು ಸಾಧ್ಯವಿಲ್ಲವೆಂದು ಮೂವರೂ ಹಿಂದಿರುಗಿದರು. ಬೆಳಗಾಗುವಷ್ಟರಲ್ಲಿ ಮೂವರು ಹೆಂಗಸರೂ ತೀರಿಕೊಂಡಿದ್ದರು. ತಾನು ವೈದ್ಯೆಯಾಗಿ ಮರಳುತ್ತೇನೆಂದು ಆಕೆ ನಿಶ್ಚಯಿಸಿದ್ದು ಅಂದೇ.

ಇಲ್ಲಿಗೆ ಕಥೆಯನ್ನು ನಿಲ್ಲಿಸಿದರೆ ಕರುಣಾಮಯಿಯೊಬ್ಬಳ ಚಿತ್ರ ಉಳಿಯುತ್ತದೆ, ಅಷ್ಟೆ. ಅವರು ಫಿಲಡೆಲ್ಫಿಯಾದ ಮಹಿಳಾ ವೈದ್ಯ ಕಾಲೇಜಿಗೆ ಸೇರಿ, ಕಾರ್ನೆಲ್ ವಿಶ್ವವಿದ್ಯಾಲಯದ ವೈದ್ಯ ಕಾಲೇಜು ಹೆಣ್ಣುಮಕ್ಕಳಿಗೆ ಬಾಗಿಲು ತೆರೆದಾಗ ಅಲ್ಲಿಗೆ ಬದಲಾಯಿಸಿಕೊಂಡು, 1899ರಲ್ಲಿ ಪದವಿ ಪಡೆದರು. ಹೊರಡುವ ಮೊದಲು ಆಸ್ಪತ್ರೆಗೆ ಹಣ ಕೂಡಿಸಲು ಓಡಾಡುತ್ತಿದ್ದಾಗ, ಶೆಲ್ ಎಂಬ ಬ್ಯಾಂಕರ್ ತಮ್ಮ ದಿವಂಗತ ಪತ್ನಿ ಮೇರಿ ಟೇಬರ್ ಶೆಲ್ ಅವರ ಸ್ಮರಣೆಗೆಂದು 10,000 ಡಾಲರ್ ಕೊಟ್ಟರು. 1900ರಲ್ಲಿ ವೆಲ್ಲೂರಿಗೆ ಬಂದ ಕೆಲವೇ ತಿಂಗಳಲ್ಲಿ ತಂದೆ ತೀರಿಕೊಂಡರು; ಜೊತೆಗಿದ್ದು ಕೆಲಸ ಕಲಿಸಬೇಕಾದ ಹಿರಿಯ ವೈದ್ಯರೇ ಇಲ್ಲವಾದರು. ಬಂಗಲೆಯ ಒಂದು ಸಣ್ಣ ಕೋಣೆಯಲ್ಲಿ ಒಂದು ಹಾಸಿಗೆಯಿಂದ ಅವರ ವೈದ್ಯವೃತ್ತಿ ಮೊದಲಾಯಿತು. 1902ರಲ್ಲಿ 40 ಹಾಸಿಗೆಗಳ ಶೆಲ್ ಆಸ್ಪತ್ರೆ ತೆರೆಯಿತು.

ಮೈಸೂರಿನ ಓದುಗರು ಈ ಹಂತದಲ್ಲಿ ತಮ್ಮ ಊರಿನ ಮಂಡಿ ಮೊಹಲ್ಲಾದ ಮಿಷನ್ ಆಸ್ಪತ್ರೆಯನ್ನು ನೆನೆಯಬಹುದು. ಕಳೆದ ಶತಮಾನದ ಆರಂಭದಲ್ಲಿ ವೆಸ್ಲಿಯನ್ ಮಿಷನ್ ಕಟ್ಟಿದ ಆ ಆಸ್ಪತ್ರೆಯೂ ಮೇರಿ ಕ್ಯಾಲ್ವರ್ಟ್ ಹೋಲ್ಡ್ಸ್‌ವರ್ತ್ ಎಂಬ ಮಿಷನರಿ ಪತ್ನಿಯ ಸ್ಮಾರಕವೇ. ಕ್ಷಯರೋಗಕ್ಕೆ ಬಲಿಯಾದ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನ ಕ್ಷಯರೋಗ ಆಸ್ಪತ್ರೆಯೂ ಇದೇ ನಗರದಲ್ಲಿದೆ. ತೀರಿಹೋದ ಹೆಣ್ಣೊಬ್ಬಳ ಹೆಸರಿನಲ್ಲಿ ಬದುಕಿರುವವರಿಗೆ ಆಸ್ಪತ್ರೆ ಕಟ್ಟುವ ಆ ಕಾಲದ ಪದ್ಧತಿಯಲ್ಲಿ ಅರಮನೆ ಮತ್ತು ಮಿಷನ್ ಬೇರೆಬೇರೆಯಾಗಿರಲಿಲ್ಲ ಎನ್ನುವುದು ನನಗೆ ಬಹಳ ಗೌರವದ ಸಂಗತಿಯಾಗಿ ಕಾಣುತ್ತದೆ.

ಆದರೆ ಐಡಾ ಅವರು ಆಸ್ಪತ್ರೆಯ ಕಟ್ಟಡದಿಂದ ತೃಪ್ತರಾಗಲಿಲ್ಲ. ನಾನು ಒತ್ತಿ ಹೇಳಬೇಕೆಂದಿರುವುದು ಇದನ್ನೇ. ಹಳ್ಳಿಯ ರೋಗಿಗಳು ಆಸ್ಪತ್ರೆಗೆ ಬರುವ ಹೊತ್ತಿಗೆ ಕಾಯಿಲೆ ಕೈಮೀರಿರುತ್ತದೆಂಬುದನ್ನು ಕಂಡು, ಅವರು ವಾರಕ್ಕೊಮ್ಮೆ ಗುಡಿಯಾತ್ತಂ ದಾರಿಯಲ್ಲಿ ತಾವೇ ಹೊರಟರು. ಮೊದಲು ಎತ್ತಿನ ಗಾಡಿ, 1909ರಿಂದ ಒಂದು ಪೂಜೊ ಕಾರು. ಗೊತ್ತುಮಾಡಿದ ಮರದಡಿಯಲ್ಲಿ ಗಾಡಿ ನಿಲ್ಲುತ್ತದೆಂದು ಜನ ಬೆಳಗಿನಿಂದಲೇ ಕಾದಿರುತ್ತಿದ್ದರು. ಹುಣ್ಣು ತೊಳೆಯುವುದು, ಕಣ್ಣಿಗೆ ಔಷಧ ಹಾಕುವುದು, ಕುಷ್ಠರೋಗಿಗಳನ್ನು ನೋಡುವುದು, ಹೆಚ್ಚು ಕೆಟ್ಟಿದ್ದವರನ್ನು ಆಸ್ಪತ್ರೆಗೆ ಕರೆತರುವುದು ಅಲ್ಲಿಯೇ ನಡೆಯುತ್ತಿತ್ತು. ಇಂದು ನಾವು ಸಂಚಾರಿ ಆರೋಗ್ಯ ಘಟಕ ಎಂದು ಕರೆಯುವ ವ್ಯವಸ್ಥೆಯ ಎಲ್ಲ ಅಂಶಗಳೂ ಅದರಲ್ಲಿದ್ದವು. ಅದೇ ದಿನ ಅದೇ ಜಾಗಕ್ಕೆ ತಪ್ಪದೆ ಬರುವ ಕ್ರಮವೇ ಜನರ ನಂಬಿಕೆಯನ್ನು ಗಳಿಸಿತು ಎಂಬುದು, ಹಳ್ಳಿಗಳಲ್ಲಿ ಲಸಿಕೆ ದಿನ ನಡೆಸಿದ ನಮ್ಮಂಥವರಿಗೆ ಬೇರೆಯವರು ಹೇಳಿಕೊಡಬೇಕಾದ ವಿಷಯವಲ್ಲ.

ಅದೇ 1909ರಲ್ಲಿ ದಾದಿಯರ ತರಬೇತಿ ಶಾಲೆ ಆರಂಭವಾಯಿತು. ರಕ್ತ, ಕೀವು ಮುಟ್ಟುವ ಕೆಲಸವನ್ನು ಮೈಲಿಗೆಯೆಂದು ದೂರವಿಡುತ್ತಿದ್ದ ಸಮಾಜದಿಂದ ಹೆಣ್ಣುಮಕ್ಕಳನ್ನು ಆ ವೃತ್ತಿಗೆ ಕರೆತರುವುದು ಎಷ್ಟು ಕಷ್ಟವಾಗಿತ್ತೆಂದು ಊಹಿಸಬಹುದು. 1918ರಲ್ಲಿ, ಅಂದರೆ ಮೈಸೂರು ವೈದ್ಯಕೀಯ ಕಾಲೇಜು ಹುಟ್ಟುವುದಕ್ಕೆ ಆರು ವರ್ಷ ಮೊದಲು, ಮಹಿಳೆಯರಿಗಾಗಿಯೇ ವೈದ್ಯ ಶಾಲೆಯನ್ನು ತೆರೆದರು. ಅರ್ಜಿ ಹಾಕುವವರೇ ಸಿಗಲಾರರು ಎಂದು ಅಧಿಕಾರಿಗಳು ಅನುಮಾನಿಸಿದ್ದ ಶಾಲೆಯ ಮೊದಲ ತಂಡದ 14 ಮಂದಿ 1922ರಲ್ಲಿ ವೈದ್ಯೆಯರಾಗಿ ಹೊರಬಂದರು. ಆ ತಂಡದವರು ಮೊದಲ ವರ್ಷದ ಪರೀಕ್ಷೆಯಲ್ಲಿ, ಮದ್ರಾಸ್ ಪ್ರಾಂತ್ಯದ ಗಂಡು ವಿದ್ಯಾರ್ಥಿಗಳಲ್ಲಿ ಬಹುಪಾಲು ಮಂದಿ ಅನುತ್ತೀರ್ಣರಾದಾಗಲೂ, ಎಲ್ಲರೂ ತೇರ್ಗಡೆಯಾಗಿದ್ದರು. 1930ರ ದಶಕದ ಕೊನೆಯಲ್ಲಿ ಪ್ರಾಂತ್ಯದ ಸರ್ಕಾರ ವೈದ್ಯ ಶಿಕ್ಷಣಕ್ಕೆ ವಿಶ್ವವಿದ್ಯಾಲಯದ ಪದವಿಯೇ ಬೇಕೆಂದು ನಿಯಮ ಮಾಡಿದಾಗ ಶಾಲೆ ಮುಚ್ಚುವ ಸ್ಥಿತಿಗೆ ಬಂತು. ಎಪ್ಪತ್ತು ದಾಟಿದ್ದ ಐಡಾ ಅಮೆರಿಕಕ್ಕೆ ಹೋಗಿ, ಮಹಾಯುದ್ಧದ ವರ್ಷಗಳಲ್ಲಿ ಊರೂರು ತಿರುಗಿ ಹಣ ಕೂಡಿಸಿದರು. 1942ರಲ್ಲಿ ಎಂ.ಬಿ.ಬಿ.ಎಸ್. ತರಗತಿಗಳು ಆರಂಭವಾದವು, 1947ರಲ್ಲಿ ಗಂಡು ವಿದ್ಯಾರ್ಥಿಗಳಿಗೂ ಪ್ರವೇಶ ದೊರೆಯಿತು. 1960ರ ಮೇ ತಿಂಗಳಲ್ಲಿ ಕೊಡೈಕೆನಾಲಿನಲ್ಲಿ ಅವರು ನಿಧನರಾದರು. ಮದುವೆಯಾಗಲಿಲ್ಲ, ಸ್ವಂತಕ್ಕೆಂದು ಸಂಪತ್ತು ಮಾಡಲಿಲ್ಲ.

ಮಿಷನರಿಗಳೆಂದ ಕೂಡಲೇ ಮತಾಂತರದ ಪ್ರಶ್ನೆ ಏಳುವುದು ಸಹಜ. ಐಡಾ ತಮ್ಮ ನಂಬಿಕೆಯನ್ನು ಮುಚ್ಚಿಟ್ಟವರಲ್ಲ. ಸೇವೆ ಮಾಡಿಸಿಕೊಳ್ಳುವುದಕ್ಕಲ್ಲ, ಸೇವೆ ಮಾಡುವುದಕ್ಕೆ ಎಂಬ ಸುವಾರ್ತೆಯ ಮಾತೇ ಆ ಕಾಲೇಜಿನ ಧ್ಯೇಯವಾಕ್ಯ. ಕ್ರೈಸ್ತಳಲ್ಲದ ನಾನು ಅದನ್ನು ಆಕ್ಷೇಪಿಸಲಾರೆ. ಆ ರಾತ್ರಿ ಬಂದ ಮೂವರನ್ನು ಕೂಡಿಸಿದ್ದು ಮತವಲ್ಲ, ಹೆಣ್ಣು ವೈದ್ಯರಿಲ್ಲದ ಊರು. ಆ ಕೊರತೆಯನ್ನು ತುಂಬಿದ ಕೆಲಸವನ್ನು ಅದರ ಫಲದಿಂದಲೇ ತೂಗುವುದು ನ್ಯಾಯ. ಸೇವೆ ಪರದೇಶದಿಂದ ಮಾತ್ರ ಬಂತೆಂದೂ ನನ್ನ ಮಾತನ್ನು ಯಾರೂ ಭಾವಿಸಬೇಕಿಲ್ಲ: 15,000ಕ್ಕೂ ಹೆಚ್ಚು ಹೆರಿಗೆಗಳನ್ನು ಕಾಸು ಕೇಳದೆ ಮಾಡಿಸಿದ ಪಾವಗಡದ ಸೂಲಗಿತ್ತಿ ನರಸಮ್ಮ ನಮ್ಮವರೇ.

ಈಗ ನಮ್ಮ ಜಿಲ್ಲೆಯ ಮಾತು. ಹೆಣ್ಣು ವೈದ್ಯರಿಲ್ಲದೆ ಹೆಂಗಸರು ಸಾಯುವ ಕಾಲ ಬಹುಮಟ್ಟಿಗೆ ಹೋಗಿದೆ. ಇದರಲ್ಲಿ ಸರ್ಕಾರದ, ಆಶಾ ಕಾರ್ಯಕರ್ತೆಯರ, 108 ವಾಹನದ ಪಾಲು ದೊಡ್ಡದು. ಆದರೆ 2023ರ ಕೊನೆಯಲ್ಲಿ ಮಂಡ್ಯದ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರವಿಟ್ಟುಕೊಂಡು ಭ್ರೂಣಲಿಂಗ ಪತ್ತೆ ಮಾಡುತ್ತಿದ್ದುದು, ಅದರ ಕೊಂಡಿ ಮೈಸೂರಿನವರೆಗೂ ಚಾಚಿದ್ದುದು ಬಯಲಾದಾಗ ನನ್ನಂಥವರಿಗೆ ಆದ ನೋವು ಸಣ್ಣದಲ್ಲ. ತಾಯಂದಿರನ್ನು ಉಳಿಸಲೆಂದು ಒಬ್ಬಾಕೆ ಕಲಿತು ಕಲಿಸಿದ ವಿದ್ಯೆಯನ್ನೇ ಹೆಣ್ಣುಕೂಸು ಹುಟ್ಟದಂತೆ ಮಾಡಲು ಬಳಸಿದವರಲ್ಲಿ ವೈದ್ಯರೂ ಇದ್ದರೆಂಬುದನ್ನು ಈ ಜಿಲ್ಲೆ ಮರೆಯಬಾರದು. ಇನ್ನೊಂದೆಡೆ, ಹಳ್ಳಿಯ ಆರೋಗ್ಯ ಕೇಂದ್ರಕ್ಕೆ ನೇಮಕವಾದ ಯುವ ವೈದ್ಯೆ, ಸಿಸ್ಟರ್ ಅಲ್ಲಿ ಉಳಿಯಲು ಭದ್ರವಾದ ವಸತಿಗೃಹವಿಲ್ಲದೆ ನಗರದಿಂದ ಬಸ್ಸಿನಲ್ಲಿ ಓಡಾಡುವುದನ್ನು ನಾನು ಸೇವೆಯುದ್ದಕ್ಕೂ ನೋಡಿದ್ದೇನೆ. ರಾತ್ರಿ ಹೆರಿಗೆ ಬಂದರೆ ಕೇಂದ್ರದಲ್ಲಿ ಯಾರಿರುತ್ತಾರೆ ಎಂಬುದು ವೈದ್ಯೆಯ ತ್ಯಾಗಬುದ್ಧಿಯನ್ನು ಅವಲಂಬಿಸಬಾರದು. ಬಾಗಿಲು ಭದ್ರವಿರುವ ಮನೆ, ನೀರು, ರಾತ್ರಿ ಕಾವಲು, ಜೊತೆಗೆ ಇನ್ನೊಬ್ಬ ಸಿಬ್ಬಂದಿ, ಇಷ್ಟನ್ನು ವ್ಯವಸ್ಥೆ ಕೊಡಬೇಕು. ವೆಲ್ಲೂರಿನಲ್ಲಿ ಐಡಾ ತಮ್ಮ ಶಿಷ್ಯೆಯರಿಗೆ ಮೊದಲು ಕಟ್ಟಿಸಿದವುಗಳಲ್ಲಿ ವಿದ್ಯಾರ್ಥಿನಿಲಯವೂ ಸೇರಿತ್ತು.

ಆದ್ದರಿಂದ ನನ್ನ ವಿನಂತಿ ಎರಡು. ಜಿಲ್ಲಾ ಪಂಚಾಯಿತಿ ಮತ್ತು ಆರೋಗ್ಯ ಇಲಾಖೆಯವರು ಮಂಡ್ಯ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಮಹಿಳಾ ಸಿಬ್ಬಂದಿಗೆ ವಾಸಯೋಗ್ಯ ವಸತಿ ಎಲ್ಲೆಲ್ಲಿ ಇದೆ, ಎಲ್ಲೆಲ್ಲಿ ಇಲ್ಲ ಎಂಬುದನ್ನು ಸಾರ್ವಜನಿಕರ ಮುಂದಿಟ್ಟು, ಇಲ್ಲದ ಕಡೆ ಈ ಆಯವ್ಯಯದಲ್ಲಿಯೇ ಹಣ ಒದಗಿಸಬೇಕು. ತಮ್ಮ ಪತ್ರಿಕೆಯು ಡಿಸೆಂಬರ್ 9ರ ಸಂಚಿಕೆಯಲ್ಲಿ ಐಡಾ ಸ್ಕಡರ್ ಅವರನ್ನು ಕುರಿತು ಬರೆಯುವುದಾದರೆ, ಅವರ ಪಕ್ಕದಲ್ಲಿಯೇ ನಮ್ಮ ಹಳ್ಳಿಗಳಲ್ಲಿ ಇಂದಿಗೂ ಉಳಿದು ಕೆಲಸ ಮಾಡುತ್ತಿರುವ ವೈದ್ಯೆಯರ, ಸಿಸ್ಟರುಗಳ ಮಾತನ್ನೂ ಅವರ ಬಾಯಿಂದಲೇ ಕೇಳಿ ಪ್ರಕಟಿಸಬೇಕು.

ತಮ್ಮ ವಿಶ್ವಾಸಿ,
ನಿವೃತ್ತ ಹಿರಿಯ ಆರೋಗ್ಯ ಸಹಾಯಕಿ,
ಮಂಡ್ಯ