ಡಂಬೆಲ್ ಹಿಡಿದು ಗಾಳಿಗೆ ಗುದ್ದಿದರೆ ಕೆಡುವುದು ಭುಜವೇ

ಸಂಪಾದಕರೇ,

ಜಿಮ್‌ಗಳಲ್ಲಿ ಈಗ ಶ್ಯಾಡೋ ಬಾಕ್ಸಿಂಗ್ (ಎದುರಾಳಿ ಇದ್ದಾನೆಂದುಕೊಂಡು ಗಾಳಿಗೆ ಗುದ್ದುವ ಅಭ್ಯಾಸ) ಹುಚ್ಚು ಜಾಸ್ತಿಯಾಗಿದೆ, ಸಂತೋಷವೇ. ಆದರೆ ಎರಡೆರಡು ಕೆಜಿ ಡಂಬೆಲ್ ಹಿಡಿದು ಜೋರಾಗಿ ಗಾಳಿಗೆ ಗುದ್ದುವ ಹುಡುಗರನ್ನು ನೋಡಿದರೆ ಭಯವಾಗುತ್ತದೆ. ಪಂಚ್ ಹೋಗುವುದು ಮುಂದಕ್ಕೆ, ಡಂಬೆಲ್ ಎಳೆಯುವುದು ಕೆಳಕ್ಕೆ. ಭುಜ ದಣಿಯುತ್ತದೆ ಅಷ್ಟೇ, ಗುದ್ದಿನ ಬಲ ಬರುವುದು ಕಾಲು, ಸೊಂಟದ ತಿರುವಿನಿಂದ ಅಲ್ವಾ? ಸ್ವಲ್ಪ ಹೊತ್ತಿಗೇ ಗಲ್ಲದ ಹತ್ತಿರ ಇರಬೇಕಾದ ಕೈ ಎದೆಗೆ ಇಳಿದಿರುತ್ತದೆ, ಮೊಣಕೈ ಹೊರಗೆ ಚಾಚಿರುತ್ತದೆ, ಆಮೇಲೆ ಅದೇ ಅಭ್ಯಾಸ ರಿಂಗ್‌ಗೂ ಬರುತ್ತದೆ. ಗಾಳಿಯಲ್ಲಿ ಪಂಚ್ ತಡೆಯಲು ಏನೂ ಇಲ್ಲ, ಹಾಗಾಗಿ ಅಷ್ಟು ತೂಕವನ್ನು ಗಕ್ಕನೆ ನಿಲ್ಲಿಸುವ ಕೆಲಸ ಮೊಣಕೈ ಮತ್ತು ಭುಜದ ಕೀಲಿನ ಮೇಲೇ ಬೀಳುತ್ತದೆ.

ಪಂದ್ಯದ 10 ಔನ್ಸ್ ಗ್ಲೌಸ್ ಅಂದರೆ ಒಂದೊಂದೂ ಸುಮಾರು 280 ಗ್ರಾಂ, ಎರಡು ಕೆಜಿ ಎಲ್ಲಿ, ಇದೆಲ್ಲಿ? ತೂಕ ಬೇಕೇ ಬೇಕು ಅನ್ನುವವರು ಅರ್ಧ ಕೆಜಿ ಹಿಡಿದು, ಕೈ ಪೂರ್ತಿ ಚಾಚದೆ, ನಿಧಾನವಾಗಿ ಒಂದು ರೌಂಡ್ ಮಾಡಲಿ. ಬಲಕ್ಕೆ ಗುದ್ದಲೆಂದೇ ತೂಗುಹಾಕುವ ಹೆವಿ ಬ್ಯಾಗ್ ಇದೆ, ಎಸೆಯುವ ಭಾರದ ಚೆಂಡು ಮೆಡಿಸಿನ್ ಬಾಲ್ ಇದೆ. ಬೆನ್ನ ಹಿಂದೆ ಕಟ್ಟುವ ರಬ್ಬರ್ ಬ್ಯಾಂಡ್ ಇನ್ನೂ ಒಳ್ಳೆಯದು, ಅದು ಪಂಚ್‌ಗೆ ನೇರ ಎದುರಾಗಿ ಹಿಂದಕ್ಕೇ ಎಳೆಯುತ್ತದೆ.

ರೀಲ್ಸ್ ನೋಡಿ ಹೇಳಿಕೊಡುವ ಟ್ರೈನರ್‌ಗಳೇ, ಬೆಳೆಯುವ ಮಕ್ಕಳ ಕೈಗಂತೂ ಸುಮ್ನೆ ಡಂಬೆಲ್ ಕೊಡಬೇಡಿ.

– ಒಬ್ಬ ಓದುಗ, ಮೈಸೂರು