ಮಹಾಪ್ರಬಂಧ ಮುಗಿದ ಹೊತ್ತಿನಲ್ಲಿ ನೆನೆಯಬೇಕಾದವರು

ಕುಲಾಂತರಿ ಬೆಳೆಗಳು ಜೇನುನೊಣಗಳ ಮೇಲೆ ಬೀರುವ ಪರಿಣಾಮವನ್ನು ಕುರಿತ ನನ್ನ ಮಹಾಪ್ರಬಂಧದ ಮೌಖಿಕ ಪರೀಕ್ಷೆ ಕಳೆದ ವಾರ ಮುಗಿಯಿತು. ಪರೀಕ್ಷಕರು ಪ್ರಬಂಧವನ್ನು ಒಪ್ಪಿಕೊಂಡಿದ್ದಾರೆ. ಕೃತಜ್ಞತೆಗೆಂದು ಅದರಲ್ಲಿ ಸಿಕ್ಕಿದ್ದ ಒಂದೇ ಪುಟದಲ್ಲಿ ಹೇಳಲಾಗದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ನಮಸ್ಕಾರ ನನ್ನ ಮಾರ್ಗದರ್ಶಕರಿಗೆ. ‘ಕುಲಾಂತರಿ ಬೆಳೆಯಿಂದ ಜೇನಿಗೆ ಹಾನಿಯಿದೆಯೇ?’ ಎಂಬ ಪ್ರಶ್ನೆಯೊಂದನ್ನು ಹೊತ್ತು ಅವರ ಕೋಣೆಗೆ ಹೋದ ದಿನ, ‘ಯಾವ ಬೆಳೆ, ಅದಕ್ಕೆ ಸೇರಿಸಿದ ಯಾವ ಗುಣ, ನೊಣದ ಯಾವ ಹಂತ?’ ಎಂದು ಕೇಳಿ ಅವರು ನನ್ನನ್ನು ಹಿಂದಕ್ಕೆ ಕಳುಹಿಸಿದರು. ಆ ಮೂರು ಮಾತುಗಳ ತೂಕ ತಿಳಿಯಲು ನನಗೆ ಒಂದು ವರ್ಷ ಹಿಡಿಯಿತು. ಮಣ್ಣಿನ ಬ್ಯಾಕ್ಟೀರಿಯಾವೊಂದರ ಜೀನನ್ನು ಪಡೆದ ಬಿ.ಟಿ. ಗಿಡವು ತಯಾರಿಸುವ ಕ್ರೈ ಪ್ರೋಟೀನು, ಕಾಯಿಕೊರಕದಂಥ ಹುಳುಗಳ ಕರುಳಿನಲ್ಲಿರುವ ಗ್ರಾಹಕಗಳಿಗೆ ಅಂಟಿಕೊಂಡು ಕರುಳನ್ನು ತೂತು ಮಾಡುತ್ತದೆ. ಅಂಥ ಗ್ರಾಹಕಗಳಿಲ್ಲದ ಕೀಟಕ್ಕೆ ಅದರಿಂದ ಅಪಾಯವಿಲ್ಲ. 25 ಪ್ರಯೋಗಾಲಯ ಅಧ್ಯಯನಗಳನ್ನು ಒಟ್ಟಾಗಿ ಪರಿಶೀಲಿಸಿ 2008ರಲ್ಲಿ ಪ್ರಕಟವಾದ ವಿಶ್ಲೇಷಣೆಯೂ ಈ ಪ್ರೋಟೀನುಗಳಿಂದ ಜೇನುನೊಣಗಳ ಉಳಿವಿಗೆ ಧಕ್ಕೆಯಾದದ್ದನ್ನು ಕಾಣಲಿಲ್ಲ. ಆದರೆ ಕಳೆನಾಶಕವನ್ನು ತಾಳಿಕೊಳ್ಳುವ ಬೆಳೆಯ ವಿಚಾರವೇ ಬೇರೆ. ಬ್ರಿಟನ್ನಿನ ಹೊಲಗಳಲ್ಲಿ ನಡೆದು 2003ರಲ್ಲಿ ಫಲಿತಾಂಶ ಹೊರಬಿದ್ದ ಪರೀಕ್ಷೆಗಳಲ್ಲಿ, ಅಂಥ ಬೀಟ್ ಬೆಳೆದ ಕಡೆ ಕಳೆಗಿಡಗಳ ಹೂವು ಕಡಿಮೆಯಾಗಿ ಜೇನುನೊಣಗಳೂ ಕಡಿಮೆ ಕಂಡವು. ಮೆಕ್ಕೆಜೋಳದ ಹೊಲಗಳಲ್ಲಿ ಮಾತ್ರ ಕಳೆಗಳು ಸಾಂಪ್ರದಾಯಿಕ ಹೊಲಕ್ಕಿಂತ ಹೆಚ್ಚೇ ಉಳಿದಿದ್ದವು. ಬಿ.ಟಿ. ಬೆಳೆ, ಕಳೆನಾಶಕ ತಾಳುವ ಬೆಳೆ ಎಂಬ ಇವೆರಡು ಬಗೆಗಳನ್ನು ಒಂದೇ ಹೆಸರಿನಡಿ ತೂಗುವುದು ತಪ್ಪೆಂದು ನನಗೆ ಮನವರಿಕೆ ಮಾಡಿಕೊಟ್ಟವರು ಅವರು.

ಎರಡನೆಯ ಋಣ ತಮ್ಮ ಪೆಟ್ಟಿಗೆಗಳನ್ನು ನನ್ನ ಕೈಗೆ ಒಪ್ಪಿಸಿದ ಹಿರಿಯ ಜೇನು ಕೃಷಿಕರದು. ಮೊಟ್ಟೆಯೊಡೆದು ಒಂದು ದಿನವೂ ಆಗದ ಮರಿ, ಎರಿಯ ಕಣದ ತಳದಲ್ಲಿ ಹಾಲಿನಂಥ ರಸದ ಮೇಲೆ ಬಿದಿಗೆಯ ಚಂದ್ರನ ಹಾಗೆ ಬಾಗಿ ಮಲಗಿರುತ್ತದೆ. ಬಿ.ಟಿ. ಪ್ರೋಟೀನು ಬೆರೆಸಿದ ಆಹಾರ ಕೊಟ್ಟು ಪರೀಕ್ಷಿಸಲು ಅದನ್ನು ತೆಳುವಾದ ಕಡ್ಡಿಯಿಂದ ಬೆನ್ನಿನ ಕಡೆಯಿಂದ ಎತ್ತಿ, ಮಗುಚದ ಹಾಗೆ ಇನ್ನೊಂದು ಬಟ್ಟಲಿಗೆ ಇಳಿಸಬೇಕು; ಮಗುಚಿದರೆ ಉಸಿರಾಟದ ರಂಧ್ರಗಳು ರಸದಲ್ಲಿ ಮುಳುಗಿ ಮರಿ ಸಾಯುತ್ತದೆ. ‘ಕೈಯನ್ನು ನೋಡಬೇಡ ಮಗಳೇ, ಮರಿಯನ್ನು ನೋಡು’ ಎಂದು ಅವರು ಪಕ್ಕದಲ್ಲಿ ನಿಂತು ಹೇಳಿಕೊಟ್ಟ ದಿನದಿಂದ ನನ್ನ ಕೈ ನಡುಗುವುದು ನಿಂತಿತು.

ಆ ಮರಿಗಳನ್ನೇ ನಾನು ಒಂದು ಸಲ ಕಳೆದುಕೊಂಡೆ. ಪೂರ್ತಿ ಒಂದು ಋತುವಿನ ಕೆಲಸ ಅದು. 34.5 ಡಿಗ್ರಿಯಲ್ಲಿ ನಿಲ್ಲಬೇಕಿದ್ದ ಉಷ್ಣತಾ ಪೆಟ್ಟಿಗೆ ರಾತ್ರಿಯೆಲ್ಲ ತಣ್ಣಗಾಗಿತ್ತು, ಬೆಳಿಗ್ಗೆ ಬಾಗಿಲು ತೆರೆದಾಗ ಎಷ್ಟೋ ಬಟ್ಟಲುಗಳಲ್ಲಿ ಮರಿಗಳು ಕಂದು ಬಣ್ಣಕ್ಕೆ ತಿರುಗಿದ್ದವು. ಬಿ.ಟಿ. ಪ್ರೋಟೀನು ಬೆರೆಸದ, ಬರೀ ಆಹಾರ ಕೊಟ್ಟ ಹೋಲಿಕೆಯ ಗುಂಪಿನಲ್ಲೇ ಶೇ. 15ಕ್ಕಿಂತ ಹೆಚ್ಚು ಮರಿಗಳು ಸತ್ತರೆ ಆ ಸುತ್ತನ್ನು ಕೈಬಿಡಬೇಕೆಂಬುದು ಪರೀಕ್ಷೆಯ ನಿಯಮ. ಉಳಿದ ಮರಿಗಳನ್ನಾದರೂ ಲೆಕ್ಕಕ್ಕೆ ತೆಗೆದುಕೊಳ್ಳುವ ಆಸೆ ನನಗಿತ್ತು, ಅದನ್ನು ಮುಚ್ಚಿಡುವುದಿಲ್ಲ. ಆಗ ನನ್ನ ಬಳಿ ಕುಳಿತು, ಅಂಕಿಗಳನ್ನೆಲ್ಲ ಒಂದೊಂದಾಗಿ ಓದಿ, ‘ಇದನ್ನು ಬಿಟ್ಟುಬಿಡೋಣ, ಹೊಸದಾಗಿ ಶುರುಮಾಡೋಣ’ ಎಂದ ಸಂಖ್ಯಾಶಾಸ್ತ್ರದ ಗೆಳತಿಗೆ, ಮುಂದಿನ ಋತುವಿನಲ್ಲಿ ಸರದಿಯ ಮೇಲೆ ರಾತ್ರಿ ಎದ್ದು ಉಷ್ಣತೆ ನೋಡಿಕೊಂಡ ಪ್ರಯೋಗಾಲಯದ ಸಹಾಯಕರಿಗೆ ಮತ್ತು ಕಿರಿಯ ಸಂಶೋಧಕರಿಗೆ ನಾನು ಯಾವಾಗಲೂ ಋಣಿ. ವಿಫಲವಾದ ಆ ಸುತ್ತಿನ ವಿವರವೂ ಪ್ರಬಂಧದ ಅನುಬಂಧದಲ್ಲಿ ಇದೆ. ಅದು ಅಲ್ಲಿರಬೇಕೆಂದು ಹಟ ಹಿಡಿದವರು ಮಾರ್ಗದರ್ಶಕರೇ.

ಮನೆಯವರಿಗೆ ಏನು ಹೇಳಲಿ? ಅಮ್ಮ ಇಷ್ಟು ವರ್ಷ ‘ಯಾವಾಗ ಮುಗಿಯುತ್ತದೆ’ ಎಂದು ಒಮ್ಮೆಯೂ ಕೇಳಲಿಲ್ಲ, ‘ಮರಿಗಳು ಹೇಗಿವೆ’ ಎಂದೇ ಕೇಳಿದರು.

ಪರೀಕ್ಷೆ ಮುಗಿದ ಮೂರನೆಯ ದಿನ ಪ್ರಬಂಧದ ಪ್ರತಿಯೊಂದನ್ನು ಕೊಟ್ಟು, ಪೆಟ್ಟಿಗೆಗಳನ್ನು ಹಿಂದಿರುಗಿಸಲು ಜೇನು ಕೃಷಿಕರ ಬಳಿಗೆ ಹೋಗಿದ್ದೆ. ‘ಹಾಗಾದರೆ ಬಿ.ಟಿ. ಹತ್ತಿ ಹೂ ಬಿಟ್ಟಾಗ ಪಕ್ಕದಲ್ಲಿ ಪೆಟ್ಟಿಗೆ ಇಡಬಹುದೇ?’ ಎಂದು ಅವರು ನೇರವಾಗಿ ಕೇಳಿದರು. ಹತ್ತಿಯಲ್ಲಿರುವ ಆ ಪ್ರೋಟೀನಿನ ಮಟ್ಟಿಗೆ ನನ್ನ ಮರಿಗಳಲ್ಲಿ ಹಾನಿ ಕಾಣಲಿಲ್ಲ, ಆದರೆ ಬೀಜಕ್ಕೆ ಯಾವ ಕೀಟನಾಶಕ ಲೇಪಿಸಿದ್ದಾರೆ, ಹೂವಿನ ಸಮಯದಲ್ಲಿ ರಸ ಹೀರುವ ಕೀಟಗಳಿಗೆಂದು ಏನು ಸಿಂಪಡಿಸುತ್ತಾರೆ ಎಂಬುದನ್ನು ಹೊಲದವರ ಬಳಿ ಮೊದಲು ವಿಚಾರಿಸಿ ಎಂದೆ. ಅವರು ತಲೆಯಾಡಿಸಿ, ಪ್ರಬಂಧವನ್ನು ಪಕ್ಕಕ್ಕಿಟ್ಟು, ಆ ಎರಡು ಪ್ರಶ್ನೆಗಳನ್ನು ಪೆಟ್ಟಿಗೆಯ ಮುಚ್ಚಳದ ಒಳಬದಿಗೆ ಪೆನ್ಸಿಲ್ಲಿನಲ್ಲಿ ಬರೆದುಕೊಂಡರು.