ಶನಿವಾರದ ಶಿವಮೊಗ್ಗ ಭೇಟಿ: ಪೋಷಕರಿಗೆ ಪತ್ರ

ಪ್ರಿಯ ಪೋಷಕರೇ, ನಮಸ್ಕಾರ.

ಬರುವ ಶನಿವಾರ ಒಂಬತ್ತನೇ ತರಗತಿಯ ಮಕ್ಕಳನ್ನು ಶಿವಮೊಗ್ಗಕ್ಕೆ ಕರೆದುಕೊಂಡು ಹೋಗುತ್ತಿದ್ದೇವೆ. ವಿಶ್ವವಿದ್ಯಾಲಯದವರು ಅವತ್ತು ಮೆದುಳು ಹೇಗೆ ಕೆಲಸ ಮಾಡುತ್ತದೆ ಅಂತ ಸಾಮಾನ್ಯ ಜನರಿಗೆ ತೋರಿಸುತ್ತಾರೆ, ಯಾರು ಬೇಕಾದರೂ ಹೋಗಿ ನೋಡಬಹುದು. ಒಪ್ಪಿಗೆ ಚೀಟಿ ಕಳಿಸಿದ ದಿನ ಸಂಜೆಯಿಂದಲೇ ಫೋನ್ ಶುರುವಾಯಿತು. ವಾಟ್ಸಾಪ್ ಗ್ರೂಪಿನಲ್ಲಂತೂ "ಹೆಣದ ಮೆದುಳು ಮಕ್ಕಳ ಕೈಗೆ ಕೊಡ್ತಾರಂತೆ" ಅನ್ನುವವರೆಗೂ ಹೋಗಿದೆ. ಅದಕ್ಕೇ ಈ ಪತ್ರ.

ಹೌದು, ಅಲ್ಲಿ ಮನುಷ್ಯನ ಮೆದುಳೇ ಇರುತ್ತದೆ. ಪ್ಲಾಸ್ಟಿಕ್ಕಿನದಲ್ಲ. ಸತ್ತ ಮೇಲೆ ಕಲಿಯುವವರಿಗೆ ಉಪಯೋಗವಾಗಲಿ ಅಂತ ಮನೆಯವರು ಒಪ್ಪಿ ಕೊಟ್ಟಿದ್ದು. ಕೆಡದ ಹಾಗೆ ಫಾರ್ಮಲಿನ್‌ನಲ್ಲಿ ಇಟ್ಟಿರುತ್ತಾರೆ. ಇಷ್ಟವಿದ್ದವರು ಗ್ಲೌಸ್ ಹಾಕಿಕೊಂಡು ಮುಟ್ಟಬಹುದು, ಬೇಡ ಅಂದವರು ಆ ಕೋಣೆಗೆ ಹೋಗುವುದೇ ಬೇಡ. ಬಲವಂತ ಇಲ್ಲ. ಇದನ್ನು ಎಷ್ಟು ಸಲ ಬೇಕಾದರೂ ಹೇಳುತ್ತೇನೆ: ಬಲವಂತ ಇಲ್ಲ. ಹೊರಗೆ ನಿಂತ ಮಕ್ಕಳ ಜೊತೆ ನಮ್ಮ ಟೀಚರ್ ಒಬ್ಬರು ಇರುತ್ತಾರೆ, ಯಾರೂ ಯಾರನ್ನೂ ಹೆದರುಪುಕ್ಕಲ ಅಂತ ಆಡಿಕೊಳ್ಳದ ಹಾಗೆ ನೋಡಿಕೊಳ್ಳುತ್ತಾರೆ.

ಮೈಲಿಗೆ ಅಂತ ಕೆಲವು ಹಿರಿಯರು ಹೇಳಿದ್ದೀರಿ. ಅದರ ಬಗ್ಗೆ ವಾದ ಮಾಡುವುದಿಲ್ಲ. ಮಕ್ಕಳು ಬಂದ ಮೇಲೆ ಬಚ್ಚಲಿಗೆ ಕಳಿಸಿ, ತಲೆಗೆ ನೀರು ಹಾಕಿಸಿಯೇ ಒಳಗೆ ಕರೆದುಕೊಳ್ಳಿ, ನಮ್ಮದೇನೂ ಅಡ್ಡಿಯಿಲ್ಲ. ಆದರೆ ಮೈಲಿಗೆ ಅಂತ ಇಡೀ ತರಗತಿಯ ಪ್ರಯಾಣವನ್ನೇ ನಿಲ್ಲಿಸಿ ಅಂದರೆ ಅದು ಆಗುವುದಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೆದುಳಿನ ಮ್ಯೂಸಿಯಮ್ಮೇ ಇದೆ. ಶಾಲೆ ಮಕ್ಕಳು ಹೋಗಿ ನೋಡಿಕೊಂಡು ಬರುತ್ತಾರೆ.

"ಚಿತ್ರ ನೋಡಿದರೆ ಸಾಲದಾ ಮೇಡಂ?" ಅಂತಲೂ ಕೇಳಿದ್ದೀರಿ. ಸಾಲದು. ಮುಮ್ಮೆದುಳು, ಹಿಮ್ಮೆದುಳು ಅಂತ ಬಾಣ ಹಾಕಿ ಗುರುತಿಸುವುದನ್ನು ಮಕ್ಕಳು ಬಾಯಿಪಾಠ ಮಾಡುತ್ತಾರೆ, ಅಂಕ ಬರುತ್ತದೆ, ಅಲ್ಲಿಗೆ ಮುಗಿಯಿತು. ಬದುಕಿದ್ದವರ ಮೆದುಳು ಸರಿಯಾಗಿ ಗಟ್ಟಿಯಾಗದ ಹಾಲುಬಾಯಿಯಷ್ಟು ಮೆತ್ತಗಿರುತ್ತದೆ (ಹೋಲಿಕೆಗೆ ಸಿಟ್ಟಾಗಬೇಡಿ), ತೂಕ ಸುಮಾರು 1.3 ಕೆಜಿ, ಅದರೊಳಗೆ ಸುಮಾರು 8,600 ಕೋಟಿ ನರಕೋಶ. ಇಷ್ಟು ಮೆತ್ತಗಿನದು ತಲೆಬುರುಡೆಗೆ ಬಡಿದರೆ ಏನಾಗುತ್ತದೆ ಅಂತ ಒಮ್ಮೆ ಕಣ್ಣಾರೆ ಕಂಡ ಹುಡುಗ, ಹೆಲ್ಮೆಟ್ ಹ್ಯಾಂಡಲ್ಲಿಗೆ ನೇತುಹಾಕಿಕೊಂಡು ಬೈಕ್ ಓಡಿಸುವ ಅಪ್ಪನಿಗೆ ಎರಡು ಮಾತು ಹೇಳಿಯಾನು. ಬಹುಶಃ ಅದಕ್ಕೂ ದೂರು ಬರುತ್ತದೆ.

ನನಗೆ ಇದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಕಳೆದ ಮಳೆಗಾಲದಲ್ಲಿ ಪ್ರಾರ್ಥನೆ ಹೊತ್ತಿಗೆ ಒಬ್ಬ ಹುಡುಗ ಫಿಟ್ಸ್ ಬಂದು ಬಿದ್ದ. ದೊಡ್ಡವರು ಬೀಗದ ಕೈ, ಈರುಳ್ಳಿ ಅಂತ ಓಡಾಡಿದರು. ಹಿಂದಿನ ವರ್ಷ ಇದೇ ಕಾರ್ಯಕ್ರಮಕ್ಕೆ ಹೋಗಿ ಬಂದಿದ್ದ ಇಬ್ಬರು ಹುಡುಗಿಯರು ಮಾತ್ರ ಸ್ವೆಟರ್ ಮಡಚಿ ಅವನ ತಲೆ ಕೆಳಗಿಟ್ಟರು, ಮಗ್ಗುಲಿಗೆ ತಿರುಗಿಸಿದರು, ಬಾಯಿಗೆ ಏನೂ ಹಾಕಬೇಡಿ ಸಾರ್ ಅಂತ ಪಿ.ಟಿ. ಮೇಷ್ಟ್ರನ್ನೇ ತಡೆದರು, ಗಡಿಯಾರ ನೋಡುತ್ತಾ ಕೂತರು. ಐದು ನಿಮಿಷ ದಾಟಿದರೆ ಆಸ್ಪತ್ರೆಗೆ ಒಯ್ಯಬೇಕು ಅಂತ ಅವರಿಗೆ ಗೊತ್ತಿತ್ತು. ಕಬ್ಬಿಣ ಕೊಟ್ಟರೆ ಫಿಟ್ಸ್ ನಿಲ್ಲುವುದಿಲ್ಲ. ಅದು ಮೆದುಳಿನ ವಿದ್ಯುತ್ ಸಂಕೇತಗಳು ಹಠಾತ್ತನೆ ಎರ್ರಾಬಿರ್ರಿ ಆಗುವುದರಿಂದ ಬರುವುದು, ದೆವ್ವದ ಕಾಟ ಅಲ್ಲ, ಮುಟ್ಟಿದರೆ ಅಂಟುವುದೂ ಇಲ್ಲ. ಆ ಹುಡುಗನ ಪಕ್ಕ ಕೂರಬೇಡ ಅಂತ ಮಕ್ಕಳಿಗೆ ಹೇಳಿ ಕಳಿಸಿದ ಮನೆಗಳೂ ಇವೆ. ಯಾರು ಅಂತ ಬರೆಯುವುದಿಲ್ಲ.

ರಾತ್ರಿ ಹೆದರಿಕೊಳ್ಳುತ್ತಾರೆ ಅನ್ನುವ ತಾಯಂದಿರ ಮಾತು ನನಗೆ ಅರ್ಥವಾಗುತ್ತದೆ. ನಿಮ್ಮ ಮಗು ತುಂಬಾ ಸೂಕ್ಷ್ಮ ಅನ್ನಿಸಿದರೆ ನನಗೆ ಸುಮ್ನೆ ಒಂದು ಫೋನ್ ಮಾಡಿ, ಆ ಕೋಣೆಯಿಂದ ದೂರವೇ ಇಡುತ್ತೇವೆ. ಮೆದುಳಿನ ಅಲೆ ತೋರಿಸುವ ಇಇಜಿ ಯಂತ್ರ, ಕಣ್ಣಿಗೆ ಮೋಸ ಮಾಡುವ ಚಿತ್ರಗಳು, ಇವೆಲ್ಲ ಬೇರೆ ಕಡೆ ಇರುತ್ತವೆ. ಅಲ್ಲೇ ಜಾಸ್ತಿ ಗಲಾಟೆ ಇರುವುದು.

ಒಪ್ಪಿಗೆ ಇದ್ದರೂ ಇಲ್ಲದಿದ್ದರೂ ಚೀಟಿಗೆ ಸಹಿ ಹಾಕಿ ಗುರುವಾರದೊಳಗೆ ಕಳಿಸಿ.

ಬಸ್ಸಿನಲ್ಲಿ ವಾಂತಿ ಮಾಡುವ ಮಕ್ಕಳಿಗೆ ಬೆಳಿಗ್ಗೆ ಹೊಟ್ಟೆ ತುಂಬ ತಿನ್ನಿಸಬೇಡಿ, ಒಂದು ನಿಂಬೆಹಣ್ಣು ಕೊಟ್ಟು ಕಳಿಸಿ. ವಾಪಸ್ ಬರುವಾಗ ಸಕ್ರೆಬೈಲಿನಲ್ಲಿ ಬಸ್ ನಿಲ್ಲಿಸುವುದಿಲ್ಲ. ಅಷ್ಟು ಹೊತ್ತಿಗೆ ಆನೆಗಳನ್ನು ಕಾಡಿಗೆ ಬಿಟ್ಟಿರುತ್ತಾರೆ.

ಇಂತಿ,
ಮುಖ್ಯ ಶಿಕ್ಷಕಿ